ಇಪ್ಪತ್ತನಾಲ್ಕು ಕೋಲು ಹಗ್ಗ, ಒಬ್ಬರು ಟೀಚರ್

ಹಿತ್ತಿಲ ಒಗೆಯುವ ಕಲ್ಲಿನ ಬದಿಯಲ್ಲಿ ಕುಳಿತು ದೇವರ ಕೋಣೆಯ ದೀಪಗಳನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದೆ. ಬೆಳ್ತಂಗಡಿ ಕಡೆಯಿಂದ ಬಂದ ಬಸ್ಸು ನಮ್ಮ ಮನೆಯೆದುರು ನಿಂತಿತು. ಅದು ಅಲ್ಲಿ ನಿಲ್ಲುವ ಬಸ್ಸಲ್ಲ. ಕಂಡಕ್ಟರ್ ಇಳಿದು ಅಂಗಳ ದಾಟಿ ನೇರ ಹಿತ್ತಿಲಿಗೇ ಬಂದ.

"ಅಕ್ಕಾ, ನಮ್ಮ ಟೀಚರ್ ತೀರಿಹೋದರು. ಇವತ್ತು ಬೆಳಿಗ್ಗೆ. ನಿಮಗೊಂದು ಮಾತು ತಿಳಿಸಲಿಕ್ಕೆ ಅವರ ತಮ್ಮ ಹೇಳಿದ್ರು."

"ಎಂತ ಆಗಿತ್ತು ಮಾರಾಯ?"

"ಎಂತದೂ ಇಲ್ಲ. ಚಾ ಕುಡಿದು ಲೋಟ ಕೆಳಗಿಟ್ಟರಂತೆ. ಅಷ್ಟೇ."

ರಸ್ತೆಯಲ್ಲಿ ಡ್ರೈವರ್ ಹಾರ್ನ್ ಒತ್ತಿದ. ಕಂಡಕ್ಟರ್ ಖಾಕಿ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ಓಡಿದ. ಅವನೂ ಬಂಟ್ವಾಳದಲ್ಲಿ ಎರಡನೇ ಕ್ಲಾಸು ಅವರ ಕೈಯಲ್ಲೇ ಕಲಿತವನು. ನಮ್ಮ ಪೇಟೆಯಲ್ಲಿ ಒಂದು ಪ್ರಾಯದವರಲ್ಲಿ ಅವರಿಂದ ಕಿವಿ ಹಿಂಡಿಸಿಕೊಳ್ಳದವರು ಕಡಿಮೆ.

ನನಗೆ ಅಳು ಬರಬೇಕಿತ್ತು. ದೇವರು ಕ್ಷಮಿಸಲಿ, ಬಂದದ್ದು ನಗು. ಬಿಸಿಲಿಲ್ಲದ ಬದಿಗೆ ಕೊಡೆ ಬಿಡಿಸಿ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ, ಹದಿಮೂರರ ಮಗ್ಗಿ ಹೇಳುತ್ತಾ ಬಂಡೆಗೆ ಅಂಟಿಕೊಂಡ ಅವರ ರೂಪ ಕಣ್ಣೆದುರು ಬಂದುಬಿಟ್ಟಿತು. ಹುಣಸೆಹುಳಿಯ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ. ಸತ್ತವರ ಸುದ್ದಿ ಕೇಳಿ ನಗುವ ಹೆಂಗಸನ್ನು ಯಾರಾದರೂ ನೋಡಿದರೆ ಏನೆಂದುಕೊಂಡಾರು? ಹಿತ್ತಿಲಲ್ಲಿ ಯಾರೂ ಇರಲಿಲ್ಲ, ಅದೊಂದು ಉಪಕಾರ.

ಅವರು ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗೆ ಇದ್ದವರು. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಕೇಳಿದವರಿಗೆ ಮಗ್ಗಿ ಹೇಳಿಸುವ ಪೈಕಿ ಅವರು. ಊರಿಗೆಲ್ಲ ಅವರು ಬರೇ ಟೀಚರ್. ಗಿಡ್ಡ ಆಳು, ಸಣ್ಣ ತುರುಬು, ಕೈಯಲ್ಲಿ ಕರಿ ಕೊಡೆ. ಮಾತು ಸುರು ಮಾಡುವ ಮೊದಲು ಹೆಬ್ಬೆರಳು ತೋರುಬೆರಳು ಉಜ್ಜಿ ಸೀಮೆಸುಣ್ಣದ ಹುಡಿ ಉದುರಿಸುವರು. ರಜೆಯಲ್ಲಿಯೂ, ಮದುವೆ ಊಟದ ಪಂಕ್ತಿಯಲ್ಲಿಯೂ, ಇಲ್ಲದ ಹುಡಿಯನ್ನು ಉದುರಿಸಿಯೇ ಬಾಯಿ ತೆರೆಯುವುದು.

ಲೋಕದಲ್ಲಿ ಎಲ್ಲರೂ ಎರಡನೇ ಕ್ಲಾಸಿನ ಮಕ್ಕಳು ಎಂದೇ ಅವರ ಲೆಕ್ಕ. ನಮ್ಮ ಮನೆಯವರು ಕೋರ್ಟಿನಲ್ಲಿ ಗುಮಾಸ್ತರು, ನಾಲ್ಕು ಜನ ಮರ್ಯಾದೆ ಕೊಡುವ ಮನುಷ್ಯ. ಅವರನ್ನು ಒಂದು ದಿನ ಗೇಟಿನಲ್ಲಿ ನಿಲ್ಲಿಸಿ, "ಉಗುರು ತೋರಿಸಿ" ಎಂದರು. ಇವರು ತೋರಿಸಿದರು! ಒಳಗೆ ಬಂದ ಮೇಲೆ, "ನಾನು ಯಾಕೆ ತೋರಿಸಿದೆ ಮಾರಾಯ್ತಿ?" ಎಂದು ನನ್ನನ್ನೇ ಕೇಳಿದರು.

ಇನ್ನೊಂದು, ದೂರದ ವಿಷಯದಲ್ಲಿ ಅವರನ್ನು ನಂಬುವ ಹಾಗಿರಲಿಲ್ಲ. ಎಲ್ಲಿಗೆ ಎಷ್ಟು ದೂರ ಎಂದು ಕೇಳಿದರೂ "ಒಂದು ಕೂಗಿನಷ್ಟು" ಎನ್ನುವರು. ಕೂಗಿದರೆ ಕೇಳುವಷ್ಟು ಎಂದು ಅರ್ಥ. ಮಡಂತ್ಯಾರೂ ಒಂದು ಕೂಗು, ಧರ್ಮಸ್ಥಳವೂ ಒಂದು ಕೂಗು.

ದೇವರೊಟ್ಟಿಗೆ ಮಾತಾಡುವ ಕ್ರಮ ಮಾತ್ರ ನನಗೆ ಸರಿ ಕಾಣುತ್ತಿರಲಿಲ್ಲ. ನಾನು ಕೈಮುಗಿದು ಕೇಳಿಕೊಳ್ಳುವವಳು. ಅವರು ಶಾಲೆಗೆ ಬಂದ ಇನ್ಸ್‌ಪೆಕ್ಟರರೊಟ್ಟಿಗೆ ವಾದಿಸುವ ಹಾಗೆ ವಾದಿಸುವರು. ಆ ವಾದವೇ ನನ್ನನ್ನು ಗುಡ್ಡ ಹತ್ತಿಸಿದ್ದು.

ನನಗೆ ಉಬ್ಬಸ ಇತ್ತು. ಮಗಳು ಹುಟ್ಟಿದ ಮೇಲೆ ಜೋರಾಯಿತು. ಮಗುವಿಗೆ ವರ್ಷ ತುಂಬಿ ಸ್ವಲ್ಪ ದಿನ ಆಗಿತ್ತಷ್ಟೆ, ಒಂದು ಮಧ್ಯಾಹ್ನ ಹಸಿ ಸೌದೆಯ ಹೊಗೆ ಎದೆಗೆ ಹೊಕ್ಕು ಉಸಿರೇ ನಿಂತ ಹಾಗಾಯಿತು. ಮನೆಯಲ್ಲಿ ಅತ್ತೆ ಒಬ್ಬರೇ. ಅವರ ಬೊಬ್ಬೆಗೆ ಟೀಚರ್ ಓಡಿ ಬಂದರು. ನನ್ನನ್ನು ಎತ್ತಿ ಕೂರಿಸಿ, ಬೆನ್ನು ನೀವುತ್ತಾ, ಕಿಟಕಿಯ ಹೊರಗೆ ನೋಡಿ ದೇವರಿಗೆ ಜೋರು ಮಾಡಿದರು.

"ನೋಡಿ, ಈ ಮಗುವಿನ ತಾಯಿಗೆ ಏನಾದ್ರೂ ಆದ್ರೆ ನಾನು ಬಿಡುವವಳಲ್ಲ! ಗುಣ ಮಾಡಿ ಕೊಡಿ, ನಿಮ್ಮ ಗುಡ್ಡಕ್ಕೆ ಹಗ್ಗ ತರ್ತೇವೆ. ಇವಳ ಕೈಯಲ್ಲೇ ಹೊರಿಸಿ ತರ್ತೇನೆ. ಈ ಮನೆಯ ಬಾವಿ ಎಷ್ಟು ಆಳ ಉಂಟೋ ಅಷ್ಟು ಉದ್ದದ್ದು!"

ಮೆಲ್ಕಾರ್ ದಾಟಿ ಸ್ವಲ್ಪ ಮುಂದೆ ಹೋದರೆ ನರಹರಿ ಪರ್ವತ. ಅದರ ತುದಿಯಲ್ಲಿ ಸದಾಶಿವ ದೇವರು. ಉಬ್ಬಸದವರು ಗುಣ ಆಗಲಿ ಎಂದು ಅಲ್ಲಿಗೆ ಹಗ್ಗ ಒಪ್ಪಿಸುವುದು ನಮ್ಮ ಕಡೆಯವರ ಹರಕೆ. ಆದರೆ ಎಲ್ಲರೂ ಹೇಳಿಕೊಳ್ಳುವುದು ನಾಲ್ಕು ಮಾರು ಹಗ್ಗ. ನಮ್ಮ ಮನೆ ಇದ್ದದ್ದು ದಿಬ್ಬದ ಮೇಲೆ, ಬಾವಿ ಇಪ್ಪತ್ತನಾಲ್ಕು ಕೋಲು ಆಳ, ಸುಮಾರು ಅರವತ್ತು ಅಡಿ. ಕೊಡಪಾನ ಬಿಟ್ಟರೆ ನೀರು ಮುಟ್ಟುವಷ್ಟರಲ್ಲಿ ದೇವರ ಒಂದು ಶ್ಲೋಕ ಹೇಳಿ ಮುಗಿಸಬಹುದು. ಅವಸರದಲ್ಲಿ ಅವರಿಗೆ ಕಿಟಕಿಯ ಹೊರಗೆ ಕಂಡದ್ದು ಬಾವಿ, ಬಾಯಿಗೆ ಬಂದದ್ದೂ ಬಾವಿ.

ಉಸಿರು ತಿರುಗಿತು. ಆದರೆ ಅತ್ತೆ ಹೆದರಿಹೋದರು. ಅವರ ಸ್ವಂತ ತಂಗಿ ಉಬ್ಬಸದಲ್ಲೇ ತೀರಿಹೋದವರು, ಮೊಲೆಕೂಸನ್ನು ಮಡಿಲಲ್ಲಿ ಇಟ್ಟುಕೊಂಡೇ. "ಇವಳ ಕೈಯಲ್ಲಿ ಮಗು ಬೇಡ, ಗುಣ ಆಗುವವರೆಗೆ ಅಜ್ಜಿಮನೆಯಲ್ಲಿ ಇರ್ಲಿ" ಎಂದು ನನ್ನ ತಾಯಿಯ ಮನೆಗೆ, ಮೂಡಬಿದಿರೆಗೆ ಕಳಿಸಿದರು. ನಾಲ್ಕು ತಿಂಗಳು ಎಂದು ಹೋದ ಮಗು ಎರಡು ವರ್ಷ ಅಲ್ಲೇ ಉಳಿಯಿತು. ನಾನು ತಿಂಗಳಿಗೊಮ್ಮೆ ಹೋಗಿ ನೋಡಿ ಬರುವುದು. ಮಗು ನನ್ನ ತಾಯಿಯನ್ನು "ಅಮ್ಮ" ಎನ್ನುತ್ತಿತ್ತು. ನನ್ನನ್ನು ಕರೆಯುತ್ತಿದ್ದದ್ದು "ಬಂಟ್ವಾಳದ ಅಮ್ಮ" ಎಂದು. ಒಂದು ಸಲ ಹಿಂದೆ ಬರುವಾಗ ಟೀಚರ್ ಗೇಟಿನಲ್ಲಿ ಸಿಕ್ಕಿದರು. ನಾನು ಅದನ್ನು ಹೇಳಿದೆ. ಅವರು ಬೆರಳು ಉಜ್ಜಿಕೊಂಡು ನೇರ ನಮ್ಮ ಅಡುಗೆಮನೆಗೆ ನಡೆದರು.

"ಅಮ್ಮಾ, ಹರಕೆ ಬಾಕಿ ಉಂಟು. ಇವಳನ್ನು ಗುಡ್ಡ ಹತ್ತಿಸುವ."

ಅತ್ತೆ ಒಲೆಯ ಹತ್ತಿರದಿಂದ ತಿರುಗಿದರು. "ನಿಮಗೆ ಮರ್ಲು ಹಿಡಿದಿದೆಯಾ ಟೀಚರ್? ಬಾವಿಯಿಂದ ಎರಡು ಕೊಡ ನೀರು ತಂದರೆ ಇವಳ ಎದೆಯಲ್ಲಿ ಸಿಳ್ಳೆ ಹೊಡೀತದೆ."

"ಗುಡ್ಡ ಹತ್ತಿ ಇಳಿದಳು ಅಂತ ಆದ್ರೆ? ಮಗು ಸಾಕಲಿಕ್ಕೆ ಅಷ್ಟು ಉಸಿರು ಸಾಕಾ ಇಲ್ವಾ?"

ಅತ್ತೆ ಒಲೆಯ ಸೌದೆ ಹಿಂದಕ್ಕೆ ಎಳೆದರು. ಆಮೇಲೆ ಹೇಳಿದರು: "ತುದಿಗೆ ಮುಟ್ಟಿದ್ರೆ ಮರುದಿನವೇ ಮಗುವನ್ನು ತರುವ. ಅರ್ಧದಲ್ಲಿ ಕೂತ್ರೆ ಮತ್ತೆ ಈ ಸುದ್ದಿ ಎತ್ತಬಾರದು. ನಾನೂ ಬರ್ತೇನೆ, ನನಗೆ ಕಣ್ಣಾರೆ ನೋಡ್ಬೇಕು."

"ಆಯ್ತು" ಎಂದರು ಟೀಚರ್. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಆಗುವುದಿಲ್ಲ ಎಂದೇ ಹೇಳುತ್ತಿದ್ದೆ, ಹಾಗಾಗಿ ಕೇಳದೇ ಇದ್ದದ್ದೂ ಒಂದು ಉಪಕಾರವೇ.

ಕಾರ್ತಿಕದ ಒಂದು ಸೋಮವಾರ ಹೊರಟೆವು. ಟೀಚರ್ ಶಾಲೆಗೆ ಹೊಟ್ಟೆನೋವು ಎಂದು ರಜೆಚೀಟಿ ಬರೆದಿದ್ದರು. ಸುಳ್ಳು ಬರೆದ ಪಾಪಕ್ಕೆ ನಿಜವಾಗಿ ಹೊಟ್ಟೆನೋವು ಬಂದೀತು ಎಂದು ದಾರಿಯುದ್ದಕ್ಕೂ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಜತೆಗೆ ಆಚೆ ಮನೆಯ ಕಮಲಕ್ಕ, ಬೀಡಿ ಕಟ್ಟುವವಳು, ಗಟ್ಟಿ ಹೆಂಗಸು. ಹಗ್ಗ ಹೊಸ ನಾರಿನದ್ದು, ಹೆಬ್ಬೆರಳು ದಪ್ಪ. ಸುತ್ತಿ ಎತ್ತಿದರೆ ಎರಡು ವರ್ಷದ ಮಗುವಿನಷ್ಟು ಭಾರ. ಬಸ್ಸಿನಲ್ಲಿ ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಎದುರು ಕುಳಿತ ಮುದುಕರೊಬ್ಬರು, "ಬಾವಿ ತೋಡ್ಲಿಕ್ಕೆ ಹೆಂಗಸರೇ ಹೊರಟಿದ್ದೀರಾ?" ಎಂದರು.

ಗುಡ್ಡದ ಬುಡದಲ್ಲಿ ಟೀಚರ್ ಹಾಜರಿ ಕರೆದರು. ನಾಲ್ಕೇ ಜನ, ಆದರೂ ಕರೆದರು. ಅತ್ತೆ ಕೂಡ "ಇದ್ದೇನೆ" ಎನ್ನಬೇಕಾಯಿತು. ಆಮೇಲೆ ಕಾನೂನು ಹೇಳಿದರು.

"ಒಂದು, ಹರಕೆಯ ಹಗ್ಗ ನೆಲಕ್ಕೆ ತಾಗಬಾರದು. ಎರಡು, ಹಗ್ಗದ ತುದಿ ಇವಳ ಕೈಯಲ್ಲೇ ಇರ್ಬೇಕು, ಉಳಿದದ್ದು ನಾವು ಹೊತ್ರೂ ದೇವರದ್ದು ಅಡ್ಡಿ ಇಲ್ಲ. ಮೂರು, ಹೆಜ್ಜೆಗೊಂದು ಮಗ್ಗಿ. ಮಗ್ಗಿ ಹೇಳ್ಲಿಕ್ಕೆ ಆದ್ರೆ ಉಸಿರು ಉಂಟು ಅಂತ. ಆಗದಿದ್ರೆ ನಿಲ್ಲುವ."

"ಎಷ್ಟು ದೂರ ಉಂಟು ಟೀಚರ್?" ಕಮಲಕ್ಕ ಕೇಳಿದಳು.

"ಒಂದು ಕೂಗಿನಷ್ಟು. ನಾನು ಇಲ್ಲಿಗೆ ಹತ್ತು ಸಲ ಬಂದಿದ್ದೇನೆ."

ಒಬ್ಬರ ಹಿಂದೆ ಒಬ್ಬರು, ಹೆಗಲಿನಿಂದ ಹೆಗಲಿಗೆ ಹಗ್ಗ, ಹೊರಟಿತು ನಮ್ಮ ಮೆರವಣಿಗೆ. ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು. ಕಮಲಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮೊದಲ ತಿರುವಿನಲ್ಲಿ ಗುನುಗಿದಳು, ಎರಡನೆಯ ತಿರುವಿನಲ್ಲಿ ಒಟ್ಟಿಗೆ ಹೇಳಿದಳು, ಮೂರನೆಯದರಲ್ಲಿ ನಮ್ಮೆಲ್ಲರಿಗಿಂತ ಮುಂದೆ ಹೋಗಿ, "ಎರಡ್ಹತ್ಲಿ ಇಪ್ಪತ್ತೂ!" ಎಂದು ಕಾಡೇ ಮಾರುತ್ತರ ಕೊಡುವ ಹಾಗೆ ಕೂಗಿದಳು. ಟೀಚರ್ ಹಗ್ಗ ಹೊತ್ತುಕೊಂಡೇ ಚಪ್ಪಾಳೆ ತಟ್ಟಲು ಹೋಗಿ ಕೊಡೆ ಬೀಳಿಸಿದರು.

ನಾನು ಏಳೆಂಟ್ಲಿ ಐವತ್ತನಾಲ್ಕು ಎಂದೆ.

"ಏಳರದ್ದು ಮೊದಲಿಂದ!"

"ಟೀಚರ್, ನನಗೆ ಉಸಿರಿಲ್ಲ."

"ತಪ್ಪು ಹೇಳ್ಲಿಕ್ಕೆ ಉಸಿರಿತ್ತಲ್ಲ?"

ಹಿಂದಿನಿಂದ ಅತ್ತೆ, "ಐವತ್ತಾರು, ಐವತ್ತಾರು ಮಾರಾಯ್ತಿ, ಹೇಳಿ ಮುಗಿಸು, ನನ್ನ ಹೆಗಲು ಬಿದ್ದುಹೋಗ್ತದೆ" ಎಂದು ಪಿಸುಗುಟ್ಟಿದರು. ಅತ್ತೆ ನನಗೆ ಉತ್ತರ ಹೇಳಿಕೊಟ್ಟದ್ದು! ಅಲ್ಲಿಂದ ಸುರುವಾಯಿತು ನನ್ನ ನಗು.

ಅರ್ಧಕ್ಕಿಂತ ಮೇಲೆ ದಾರಿ ಕೆಟ್ಟಿತು. ಆಗ ಈಗಿನ ಅನುಕೂಲ ಇರಲಿಲ್ಲ. ಮಳೆಗಾಲದ ಹುಲ್ಲು ಎದೆಯವರೆಗೆ ಬೆಳೆದು ಕಾಲುದಾರಿಯೇ ಕಾಣದು. ಟೀಚರ್ "ಈ ಕಡೆ, ಈ ಕಡೆ" ಎಂದು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಒಂದು ಬೋಳು ಬಂಡೆಯ ಮೇಲೆ. ಎದುರಿಗೆ ಇಳಿಜಾರು ಕಲ್ಲು, ನಾಲ್ಕೈದಾಳೆತ್ತರ. ಬಲಗಡೆಗೆ ಏನೂ ಇಲ್ಲ, ಬರೇ ಗಾಳಿ. ಕೆಳಗೆ ದೂರದಲ್ಲಿ ನೇತ್ರಾವತಿ, ಪಾಣೆಮಂಗಳೂರಿನ ಸೇತುವೆ ಬೆಂಕಿಪೆಟ್ಟಿಗೆಯ ಹಾಗೆ.

ಟೀಚರ್ ಮೆಲ್ಲ ಕುಳಿತರು. ಕೊಡೆ ಬಿಡಿಸಿ ಬಲಗಡೆಗೆ ಹಿಡಿದರು.

"ಬಿಸಿಲು ಈಚೆಯಿಂದ ಅಲ್ವಾ ಟೀಚರ್? ನೀವು ಆಚೆಗೆ ಕೊಡೆ ಹಿಡಿದದ್ದು ಯಾಕೆ?" ಎಂದಳು ಕಮಲಕ್ಕ.

"ಆಚೆ ನೋಡ್ಬಾರದು ಅಂತ" ಎಂದರು ಟೀಚರ್. ಸ್ವರ ಇಲಿಮರಿಯಷ್ಟಾಗಿತ್ತು.

ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತರು. "ಹತ್ತು ಸಲ ಬಂದಿದ್ದೇನೆ ಅಂದಿರಲ್ಲ?"

"ಬಂದದ್ದು ಹೌದಮ್ಮ. ಬುಡದವರೆಗೆ. ಮಕ್ಕಳನ್ನು ಮೇಷ್ಟ್ರು ಹತ್ತಿಸ್ತಿದ್ರು. ನಾನು ಕೆಳಗೆ ಚಪ್ಪಲಿ ಕಾಯ್ತಿದ್ದೆ."

ಕಮಲಕ್ಕ ಬಂಡೆಯ ಮೇಲೆ ಉರುಳಿ ನಗುವುದೊಂದು ಬಾಕಿ. ಅತ್ತೆಗೆ ಮಾತ್ರ ನಗು ಬರಲಿಲ್ಲ. ಅವರು ನನ್ನ ಎದೆಗೆ ಕಿವಿ ಕೊಟ್ಟಿದ್ದರು. ಸಿಳ್ಳೆ ಸುರುವಾಗಿತ್ತು, ನನಗೂ ಕೇಳುತ್ತಿತ್ತು.

"ಸಾಕು" ಎಂದರು ಅತ್ತೆ, ಮೆತ್ತಗೆ. "ಇಷ್ಟು ಬಂದದ್ದೇ ದೊಡ್ಡದು. ದೇವರಿಗೆ ಇಲ್ಲಿಂದಲೇ ಕಾಣ್ತದೆ. ಇಳಿಯುವ."

ಅವರು ಸಿಟ್ಟಿನಲ್ಲಿ ಹೇಳಿದ್ದಲ್ಲ, ಕಣ್ಣಿನಲ್ಲಿ ನೀರಿತ್ತು. ಅದಕ್ಕೇ ನನಗೆ ಭಯ ಆದದ್ದು. ಸಿಟ್ಟಾದರೆ ಇನ್ನೊಂದು ದಿನ ಬೇಡಿಕೊಳ್ಳಬಹುದು. ಕನಿಕರದಿಂದ ಇಳಿಸಿದರೆ ಮಗು ಮೂಡಬಿದಿರೆಯಲ್ಲೇ ಉಳಿಯಿತು ಎಂದು ಅರ್ಥ. ಟೀಚರ್ ಕಡೆ ನೋಡಿದೆ. ಅವರು ಕೊಡೆಯ ಹಿಂದೆ ಇದ್ದರು. ನನ್ನ ಪರವಾಗಿ ಹೇಳುವವರು ಯಾರೂ ಉಳಿದಿರಲಿಲ್ಲ.

"ಇಲ್ಲ ಅತ್ತೆ" ಎಂದೆ. "ಹತ್ತುವ."

ಮದುವೆಯಾಗಿ ಆರು ವರ್ಷದಲ್ಲಿ ಅತ್ತೆಗೆ ನಾನು ಇಲ್ಲ ಎಂದದ್ದು ಅದೇ ಮೊದಲು. ಅವರು ಬಾಯಿ ತೆರೆಯುವ ಮೊದಲೇ ಸೆರಗು ಸಿಕ್ಕಿಸಿ, ಹಗ್ಗದ ತುದಿ ಸೊಂಟಕ್ಕೆ ಕಟ್ಟಿ, ಕೈ ಮಂಡಿ ಊರಿ ಆ ಕಲ್ಲನ್ನು ಹತ್ತತೊಡಗಿದೆ. ಮಗ್ಗಿ ಹೇಳಲು ಹೋದರೆ ಬರಲಿಲ್ಲ. ಬಂದದ್ದು ಮಗಳ ಹೆಸರು. ಒಂದು ಹೆಜ್ಜೆಗೆ ಒಂದು ಸಲ. ನಿಲ್ಲುವುದು, ಸಿಳ್ಳೆ ಕೇಳುವುದು, ಮತ್ತೊಂದು ಹೆಜ್ಜೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕೈಗೆ ಒಂದು ನೇರಳೆ ಮರದ ಬೇರು ಸಿಕ್ಕಿತು. ಅದನ್ನು ತಬ್ಬಿಕೊಂಡು ಮಲಗಿದೆ. ಉಸಿರು ಮೆಲ್ಲಮೆಲ್ಲ ಹಿಂದೆ ಬಂತು. ದೇವರು ಆ ಮರವನ್ನು ಅಲ್ಲೇ ಇಟ್ಟಿದ್ದನಲ್ಲ, ಎರಡು ಮಾರು ಆಚೆ ಇಟ್ಟಿದ್ದರೆ ನನ್ನ ಗತಿ?

ಹಗ್ಗವನ್ನು ಮರಕ್ಕೆ ಸುತ್ತಿ ಕಟ್ಟಿದೆ. ನಾಲ್ಕು ಮಾರಿನ ಹಗ್ಗವಾಗಿದ್ದರೆ ಕೆಳಗೆ ಮುಟ್ಟುತ್ತಲೇ ಇರಲಿಲ್ಲ. ಕಮಲಕ್ಕ ಅದನ್ನು ಹಿಡಿದು ಸರಸರ ಬಂದಳು. ಮತ್ತೆ ಅತ್ತೆ. ನಾವಿಬ್ಬರೂ ಎಳೆದೆವು.

"ಬಿಡ್ಬೇಡ, ಬಿಡ್ಬೇಡ ಮಾರಾಯ್ತಿ!"

"ಬಿಡುವುದಿಲ್ಲ ಅತ್ತೆ, ಕಾಲು ಊರಿ."

"ಊರಲಿಕ್ಕೆ ಎಂತ ಉಂಟು ಇಲ್ಲಿ? ಈ ಸೀರೆ ಉಡ್ಬೇಡ ಅಂತ ನೀನಾದ್ರೂ ಹೇಳ್ಬಾರದಿತ್ತಾ?"

"ನಾನು ಹೇಳಿದ್ರೆ ನೀವು ಕೇಳ್ತೀರಾ?"

ಅತ್ತೆ ಕಲ್ಲಿನ ಅರ್ಧದಲ್ಲಿ ಹಗ್ಗಕ್ಕೆ ಜೋತುಕೊಂಡು ನಗತೊಡಗಿದರು. ಅವರು ನಗುವುದನ್ನು ನಾನು ನೋಡಿಯೇ ಇರಲಿಲ್ಲ. ಅವರ ನಗು ಹಗ್ಗದಲ್ಲಿ ಏರಿ ಬಂದು ನಮ್ಮ ಕೈಗಳನ್ನು ನಡುಗಿಸಿತು. ನಕ್ಕರೆ ಕೈಸೋಲುತ್ತದೆ, ಕೈಬಿಟ್ಟರೆ ಅತ್ತೆ ಹೋಗುತ್ತಾರೆ, ಅದನ್ನು ನೆನೆಸಿ ಇನ್ನೂ ನಗು. ಕೊನೆಗೆ ಅವರು ಮೇಲೆ ಬಂದು ನನ್ನ ಮೇಲೆಯೇ ಬಿದ್ದರು.

ಕಟ್ಟಕಡೆಗೆ ಟೀಚರ್. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕಣ್ಣು ಮುಚ್ಚಿ, ಹದಿಮೂರರ ಮಗ್ಗಿ ಹೇಳುತ್ತಾ ಬಂದರು. ಕೊಡೆ ಬಿಡಲಿಲ್ಲ. ಅರ್ಧದಲ್ಲಿ ಸ್ವರ ನಿಂತಿತು.

"ಹದಿಮೂರೇಳ್ಲಿ?" ಕಮಲಕ್ಕ ಮೇಲಿನಿಂದ ಕೂಗಿದಳು. "ಹೇಳಿ ಟೀಚರ್, ಇಲ್ಲದಿದ್ರೆ ಮೊದಲಿಂದ!"

"ತೊಂಬತ್ತೊಂದು, ಕತ್ತೆ! ಎಳಿ!"

ತುದಿ ಮುಟ್ಟಿದಾಗ ಮಧ್ಯಾಹ್ನ ಬಾಗಿತ್ತು. ಗುಡಿಯ ಭಟ್ಟರು ಬಾಗಿಲು ಹಾಕಿ ಇಳಿಯಲು ಹೊರಟವರು ನಮ್ಮನ್ನು ನೋಡಿ ಮತ್ತೆ ಬಾಗಿಲು ತೆರೆದರು. ಕೆರೆಯಲ್ಲಿ ಕಾಲು ತೊಳೆದು ಬಂದು ದೇವರೆದುರಿನ ನಡೆಯಲ್ಲಿ ನಿಂತಾಗ ಅತ್ತೆಯ ಮುಖ ಬಿಳುಚಿತು. ಹಗ್ಗವನ್ನು ನೋಡುತ್ತಿದ್ದರು. ಹುಲ್ಲು, ಮಣ್ಣು, ನಮ್ಮ ನಾಲ್ವರ ಕಾಲಿನ ಕೆಸರು.

"ಭಟ್ರೇ, ಹರಕೆ ಕೆಟ್ಟಿತು. ಹಗ್ಗ ನೆಲಕ್ಕೆ ತಾಗಿತು. ನಾನು ಅದರ ಮೇಲೆ ಕಾಲೂ ಇಟ್ಟೆ. ಇನ್ನು ಇವಳಿಗೆ..." ನಾನು ಹಗ್ಗವನ್ನು ಸೆರಗಿನಲ್ಲಿ ಒರೆಸತೊಡಗಿದೆ.

"ನೆಲಕ್ಕೆ ತಾಗಬಾರದು ಅಂತ ಹೇಳಿದ್ದು ಯಾರು?" ಎಂದರು ಭಟ್ಟರು. "ಹಾಗೆ ಎಂತದೂ ಇಲ್ಲಮ್ಮ."

ಮೂವರೂ ಟೀಚರ್ ಕಡೆ ತಿರುಗಿದೆವು. ಅವರು ಬೆರಳು ಉಜ್ಜಿ ಹುಡಿ ಉದುರಿಸಿದರು.

"ನಾನೇ ಮಾಡಿದ ಕಾನೂನು. ಕೆಳಗೆ ಇಡಬಹುದು ಅಂದ್ರೆ ನೀವು ತಿರುವಿಗೊಮ್ಮೆ ಇಟ್ಟು ಎಲೆಯಡಿಕೆ ಹಾಕ್ತಾ ಕೂತುಕೊಳ್ತಿದ್ರಿ. ಮಕ್ಕಳು ನನಗೆ ಗೊತ್ತಿಲ್ವಾ?"

ಅತ್ತೆ ಒಂದು ಗಳಿಗೆ ಅವರನ್ನೇ ನೋಡಿದರು. ನಾನು ದೇವರನ್ನು ನೋಡಿದೆ. ಆಮೇಲೆ ಅತ್ತೆಗೆ ಮತ್ತೆ ನಗು ಬಂತು, ಗುಡಿಯ ನಡೆ ಎಂದೂ ನೋಡದೆ, ಕಂಬ ಹಿಡಿದುಕೊಂಡು ನಕ್ಕರು. ಭಟ್ಟರು ಹಗ್ಗವನ್ನು ಎತ್ತಲು ಹೋಗಿ ಎತ್ತಲಾರದೆ, "ಇಷ್ಟುದ್ದದ್ದು ಇಡ್ಲಿಕ್ಕೆ ನನ್ನತ್ರ ಜಾಗ ಎಲ್ಲುಂಟು?" ಎಂದು ಗೊಣಗುತ್ತಲೇ ಪ್ರಸಾದ ಕೊಟ್ಟರು.

ಇಳಿಯುವಾಗ ಭಟ್ಟರು ಸರಿಯಾದ ದಾರಿ ತೋರಿಸಿದರು. ಅದು ಬಂಡೆಯ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಮೆಲ್ಕಾರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿರುವಾಗ ಅತ್ತೆ, ಲೋಟದಿಂದ ಕಣ್ಣೆತ್ತದೆ, "ನಾಳೆ ಮೊದಲ ಬಸ್ಸಿಗೇ ಹೋಗುವ. ಹಗಲು ಏರಿದ್ರೆ ಮಗುವಿಗೆ ಬಿಸಿಲು" ಎಂದರು. ಟೀಚರಿಗೆ ಮರುದಿನವೂ ಹೊಟ್ಟೆನೋವು ಮುಂದುವರಿಯಿತು. ಮೂಡಬಿದಿರೆಯಲ್ಲಿ ಅಜ್ಜಿಯ ಸೆರಗಿನ ಹಿಂದೆ ಅಡಗಿದ ಮಗುವಿಗೆ ನಾನು ಕೈ ಚಾಚಿದರೆ ಬರಲಿಲ್ಲ. ಟೀಚರ್ ಬೆರಳು ಉಜ್ಜಿ, "ಹಾಜರಿ!" ಎಂದರು. ಮಗು ಹೊರಗೆ ಬಂತು.

ಎಲ್ಲ ಸುಲಭವಾಯಿತು ಎಂದು ಹೇಳಲಾರೆ. ತಿಂಗಳುಗಟ್ಟಲೆ ಅಜ್ಜಿಗಾಗಿ ಅತ್ತಿತು. ಉಬ್ಬಸವೂ ಪೂರ್ತಿ ಬಿಡಲಿಲ್ಲ, ಚಳಿಗೆ ಒಮ್ಮೆ ಬಂದು ಮಾತಾಡಿಸಿ ಹೋಗುತ್ತದೆ. ಆದರೆ ಅತ್ತೆ ಮತ್ತೆ ನನ್ನ ಎದೆಗೆ ಕಿವಿ ಕೊಡಲಿಲ್ಲ. ಇರುವಷ್ಟು ದಿನ ನೆಂಟರ ಹತ್ತಿರ, "ನನ್ನನ್ನು ಬಂಡೆ ಹತ್ತಿಸಿದವಳು ಇವಳು" ಎಂದು ನನ್ನನ್ನು ತೋರಿಸುತ್ತಿದ್ದರು.

ಟೀಚರ್ ನಿವೃತ್ತರಾಗಿ ಬೆಳ್ತಂಗಡಿಯ ತಮ್ಮನ ಮನೆಗೆ ಹೋದರು. ಕಳೆದ ವರ್ಷ ನೋಡಲು ಹೋದಾಗ ಜಗಲಿಯಿಂದ ಗಡಾಯಿಕಲ್ಲಿನ ಕಡಿದಾದ ಬಂಡೆಗುಡ್ಡ ತೋರಿಸಿ, "ಅದನ್ನೊಮ್ಮೆ ಹತ್ತುವ" ಎಂದರು. "ನೀವಾ?" ಎಂದೆ. "ನೀವು ಹತ್ತಿ. ನಾನು ಚಪ್ಪಲಿ ಕಾಯ್ತೇನೆ" ಎಂದರು. ಅದೇ ಕೊನೆಯ ಮಾತು.

ದೀಪಗಳನ್ನು ತೊಳೆದು ಕವುಚಿ ಹಾಕಿದೆ. ಸಂಜೆ ಮಗಳು ಶಾಲೆಯಿಂದ ಬಂದಳು. ಸುದ್ದಿ ಹೇಳಿದೆ. ಅವಳು ನನ್ನ ಹತ್ತಿರ ಕುಳಿತು ಕವುಚಿದ ದೀಪಗಳನ್ನು ಒಂದೊಂದಾಗಿ ಒರೆಸಿದಳು. ಆಮೇಲೆ ಎದ್ದು ನಿಂತು, "ಅಮ್ಮ, ಲಂಗ ಮತ್ತೆ ಗಿಡ್ಡ ಆಯ್ತು, ನೋಡಿ" ಎಂದಳು. ನೋಡಿದೆ. ಹೌದು, ಮೀನಖಂಡ ಕಾಣುತ್ತಿತ್ತು. ಹೊಲಿಸುವಾಗ ಅಂಚಿನಲ್ಲಿ ಒಳಗೆ ಮಡಚಿಸಿದ್ದರಲ್ಲಿ ಇನ್ನೂ ಮೂರು ಬೆರಳು ಬಟ್ಟೆ ಬಾಕಿ ಇತ್ತು. ಬೇರೆ ಲಂಗ ಉಟ್ಟು ಅದನ್ನು ಬಿಚ್ಚಿ ಕೊಡಲು ಹೇಳಿ, ಬ್ಲೇಡು ಹುಡುಕಿ ತಂದು, ಬೆಳಕಿರುವಾಗಲೇ ಮಡಿಕೆಯ ಹೊಲಿಗೆ ಬಿಚ್ಚಲು ಕುಳಿತೆ.